ಮೂಗಿನ ಮುಂದಿನ ತೊಟ್ಟಿಲು

ತೊಟ್ಟಿಲು ಗೋಡೆಗೆ ಬಡಿಯುತ್ತದೋ ಇಲ್ಲವೋ ಎಂಬ ಮಾತಿನಲ್ಲಿ ಬಸವಕುಮಾರ ಬಾಯಿ ಹಾಕಬಾರದಿತ್ತು. ಆದರೆ ಉದಗೀರದ ಕಾಲೇಜಿನಲ್ಲಿ ಹತ್ತು ವರ್ಷ ಭೌತಶಾಸ್ತ್ರ ಕಲಿಸಿದವನ ಬಾಯಿ ಸುಮ್ಮನಿರುವುದು ಕಷ್ಟ.

ವಲಾಂಡಿ ಊರಿನ ಅವನ ಮನೆಯಲ್ಲಿ ಅಂದು ತಂಗಿ ಪ್ರಾಜಕ್ತಾಳ ಕೂಸಿಗೆ ಹೆಸರಿಡುವ ಕಾರ್ಯ. ಬಸವಕುಮಾರನಿಗೆ ಮಾತ್ರ ಅದು ಬೇರೆಯದೇ ಕಾರ್ಯ. ನಿಲಂಗಾದ ಅಂಬಣ್ಣನವರು ಮಗಳು ಮೀನಲಳನ್ನು ಕರೆದುಕೊಂಡು, ಊಟದ ನೆಪದಲ್ಲಿ ಅವನನ್ನು ನೋಡಲು ಬಂದಿದ್ದರು. ಇದಕ್ಕೂ ಮೊದಲು ಏಳು ಕಡೆಯಿಂದ ಬಂದು ‘ತಿಳಿಸ್ತೀವಿ’ ಎಂದು ಹೋದವರು ಇನ್ನೂ ತಿಳಿಸಿರಲಿಲ್ಲ. ಈ ಸಲ ಅವನಿಗೆ ನಿಜವಾಗಿ ಹೆದರಿಕೆಯಿತ್ತು, ಯಾಕೆಂದರೆ ಬೆಳಿಗ್ಗೆಯಿಂದ ಮೂರು ಸಲ ಕದ್ದು ನೋಡಿದ್ದರಲ್ಲೇ ಮೀನಲ ಅವನಿಗೆ ಪೂರ್ತಿ ಹಿಡಿಸಿಬಿಟ್ಟಿದ್ದಳು.

ಆ ಕಡೆಯ ಮನೆಗಳಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಗುಂಡಕಲ್ಲು. ಖಾರ ಅರೆಯುವ ಕಲ್ಲಿಗೆ ಕೂಸಿನ ಟೊಪ್ಪಿಗೆಯಾದ ಕುಂಚಿಗೆ ಕಟ್ಟಿ, ಕುಂಕುಮ ಹಚ್ಚಿ, ನಾಲ್ಕು ಸಲ ತೂಗಿ, ಆಮೇಲೆ ಕೂಸಿನ ಪಾಳಿ. ಕಲ್ಲು ಮಲಗಿಸಿದ್ದೇ ಪಕ್ಕದ ಮನೆಯ ಅಂಬುಬಾಯಿ ತಕರಾರು ತೆಗೆದಳು.

“ತೊಟ್ಟಿಲ ಗ್ವಾಡಿಗಿ ಭಾಳ ಸಮೀಪ ಆಗ್ಯಾದ. ತೂಗಿದ್ರ ಬಡೀತದ. ಬಿಚ್ಚಿ ಆಕಡಿ ಕಟ್ರಿ.”

“ಬಡಿಯಂಗಿಲ್ಲ ಕಾಕು,” ಎಂದ ಬಸವಕುಮಾರ. “ಎಲ್ಲಿಂದ ಬಿಡ್ತೀವಿ, ಅದಕ್ಕಿಂತ ಒಂದು ಬೆರಳೂ ಮುಂದ ಬರಂಗಿಲ್ಲ ಅದು. ಎತ್ತುವಾಗ ನಾವು ಕೊಟ್ಟ ಶಕ್ತಿ ಅಷ್ಟೇ ಇರ್ತದ. ಹೆಚ್ಚಿಂದು ಎಲ್ಲಿಂದ ತರ್ತದ?”

“ಕಲ್ಲ ನಿನ್ನ ಸಾಲಿಗಿ ಬಂದಿತ್ತೇನೋ?”

ಹೆಂಗಸರೆಲ್ಲ ನಕ್ಕರು. ಮೀನಲಳೂ ನಕ್ಕಳು. ಬಸವಕುಮಾರನಿಗೆ ರೋಷ ಬಂತು. ಗೋಡೆಗೆ ಬೆನ್ನು ಹಚ್ಚಿ ಮಣೆಯ ಮೇಲೆ ಕೂತ. ತೊಟ್ಟಿಲನ್ನು ಎಳೆದು ತನ್ನ ಮೂಗಿನ ತುದಿಗೆ ಮುಟ್ಟಿಸಿ, ನೂಕದೆ ಕೈ ಬಿಟ್ಟ.

ತೊಟ್ಟಿಲು ಹೋಯಿತು, ಬಂತು. ಪ್ರಾಜಕ್ತಾ ಕಣ್ಣು ಮುಚ್ಚಿಕೊಂಡಳು. ಮೂಗು ಇನ್ನು ಎರಡು ಬೆರಳು ದೂರವಿರುವಾಗಲೇ ಅದು ನಿಂತು, ಹಿಂದಕ್ಕೆ ಹೋಯಿತು.

“ಶಾಬಾಸ್!” ಎಂದರು ಅಂಬಣ್ಣ. “ಹುಡುಗ ಅಳ್ಳಾಡಲಿಲ್ಲ ನೋಡ್ರಿ! ಇನ್ನೊಮ್ಮಿ ಆಗ್ಲಿ!”

ಹೊಗಳಿಕೆ ಅವನ ತಲೆಗೇರಿತು. ಅಷ್ಟರಲ್ಲಿ ಅಂಬುಬಾಯಿ ಜೋಗುಳ ಎತ್ತಿಕೊಂಡಳು. ತೂಗುವ ತೊಟ್ಟಿಲ ಮುಂದೆ ಸುಮ್ಮನಿರುವುದು ಅವಳಿಂದಾಗದ ಕೆಲಸ. ಐದಾರು ಹೆಂಗಸರು ಆಚೆ ಬದಿಗೆ ನೆರೆದರು, ಅವರ ನಡುವೆ ಮೀನಲ. ಬಸವಕುಮಾರ ತೊಟ್ಟಿಲನ್ನು ಮತ್ತೆ ಮೂಗಿಗೆ ಮುಟ್ಟಿಸಿ, ಅವಳ ಮುಖವನ್ನೇ ನೋಡುತ್ತ ಕೈ ಬಿಟ್ಟ. ತೊಟ್ಟಿಲು ಹಾಡಿನೊಳಗೆ, ಬಳೆಗಳ ಸದ್ದಿನೊಳಗೆ ಹೋಯಿತು. ಬರುವಾಗ ಮಾತ್ರ ಅದಕ್ಕೆ ಬಸ್ಸು ತಪ್ಪುವಷ್ಟು ಅವಸರವಿತ್ತು. ಕಣ್ಣು ‘ಜರುಗು’ ಎಂದಿತು. ನಿಯಮ ‘ಕೂಡು’ ಎಂದಿತು. ಬಸವಕುಮಾರ ಕೂತೇ ಇದ್ದ.

ಧಡ್!

ಕಲ್ಲು ನೆಲಕ್ಕೆ, ಕುಂಚಿಗೆ ತೊಡೆಗೆ, ಮೂಗು ಬದನೆಕಾಯಿಯ ಬಣ್ಣಕ್ಕೆ.

“ಯಾರೋ ನೂಕ್ಯಾರ!” ಎಂದು ಕಿರುಚಿದ.

“ನನ್ನ ಕೈಯಾಗ ಆರತಿ ತಾಟ ಇತ್ತಪ್ಪ,” ಎಂದಳು ಅಂಬುಬಾಯಿ. ಉಳಿದವರೂ ಬೀರಪ್ಪ ದೇವರ ಆಣೆ ಮಾಡಿದರು.

“ಬಿಡೋ,” ಎಂದು ತಂದೆ ರೇವಣಪ್ಪ ಸಮಾಧಾನ ಮಾಡಿದರು. “ಬುಕ್ಕಿನಾಗ ತಪ್ಪ ಬರ್ದಿರ್ಬೇಕು.”

ಮೂಗಿಗಿಂತ ಆ ಮಾತು ಅವನನ್ನು ಹೆಚ್ಚು ನೋಯಿಸಿತು. ಆದರೆ ಅಂಬಣ್ಣ ಎದ್ದು ನಿಂತು ಹೇಳಿದರು: “ಬುಕ್ಕ ಹಾಳಾಗ್ಲಿ, ಹುಡುಗ ಪಸಂದ! ಕಲ್ಲ ಬಂದ್ರೂ ಜರುಗಲಿಲ್ಲ. ನನ್ನಂಗ ಮಾತಿಗಿ ನಿಲ್ಲಾಂವ. ಹೋಗ್ರಿ, ಇಬ್ಬರೂ ಐದು ಮಿನಿಟ ಮಾತಾಡ್ಕೋರಿ.”

ಹಿತ್ತಲ ಬಾಗಿಲಲ್ಲಿ, ಅರಿಶಿನ ಮೆತ್ತಿದ ಮೂಗು ಹೊತ್ತು ಬಸವಕುಮಾರ ಮದುಮಗನಂತೆಯೇ ನಿಂತ.

“ಸರ್, ನಿಮ್ಮ ನಿಯಮ ತಪ್ಪಿಲ್ರೀ,” ಎಂದಳು ಮೀನಲ. “ನೂಕ್ದಾಕಿ ನಾನೇ.”

“ಖರೇನು? ನಂಗೊತ್ತಿತ್ತು! ಶಕ್ತಿ ತಾನಾಗಿ ಹುಟ್ಟಂಗಿಲ್ಲ!” ಸಂತೋಷಕ್ಕೆ ಅವನ ಮೂಗಿನ ನೋವೇ ಮರೆತುಹೋಯಿತು. ಆಮೇಲೆ ನೆನಪಾಗಿ ಕೇಳಿದ, “ಮತ್ತ, ಯಾಕ್ ನೂಕಿದ್ರೀ?”

“ಜರುಗ್ತೀರೇನು ನೋಡ್ಲಿಕ್ಕ. ಜೋರು ಬರೋದು ಕಾಣ್ತಿತ್ತಲ್ರೀ?”

“ಕಾಣ್ತಿತ್ತು. ಆದ್ರ ನಿಯಮ…”

ಮೀನಲ ನಿಟ್ಟುಸಿರು ಬಿಟ್ಟಳು. “ಎದುರಿಗಿ ಬರೋದು ಕಂಡ್ರೂ ಜರುಗದ ಗಂಡಸು ನಮ್ಮನ್ಯಾಗ ಮೊದಲೇ ಒಬ್ಬರು ಅದಾರ್ರೀ. ಮೂವತ್ತು ವರ್ಷದಿಂದ ನಮ್ಮವ್ವಗ ಸಾಕಾಗಿ ಹೋಗ್ಯಾದ. ನನಗ ಬ್ಯಾಡ್ರೀ. ಒಳಗ ಹೋಗ್ತೀನಿ, ಸ್ವಲ್ಪ ದಾರಿ ಬಿಡ್ರಿ.”

ಬಸವಕುಮಾರ ತಕ್ಷಣ ಜರುಗಿದ.