ಅಳಿಯಂದಿರ ಡಿಜಿಟಲ್ ಮಿಕ್ಸರ್

"ನಿಮ್ಮ ಸೆಟ್ಟಲ್ಲಿ ಹಾಡಿದ್ರೆ ನನ್ನ ದನಿ ಎಣ್ಣೆ ಡಬ್ಬಕ್ಕೆ ಬಿದ್ದ ಇಲಿ ಕೂಗ್ದಂಗೆ ಕೇಳುತ್ತೆ ಕಣ್ರೀ" ಎಂದು ದಾಕ್ಷಾಯಣಿ ಅಂದಿದ್ದೇ ಎಲ್ಲಕ್ಕೂ ಮೂಲ.

ಅವಳ ಗಂಡ ವೀರೇಂದ್ರನಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಓಣಿಯೊಂದರಲ್ಲಿ ಸೌಂಡ್ ಸರ್ವಿಸ್ ಅಂಗಡಿ. ಮದುವೆ, ಗಣಪತಿ, ಚುನಾವಣೆ ಎಲ್ಲಕ್ಕೂ ಮೈಕು ಕಟ್ಟಿ ಹೆಸರು ಮಾಡಿದವನು. ಊರೆಲ್ಲ ಹೊಗಳಿದರೇನು, ಹೆಂಡತಿ ಇಲಿ ಎಂದ ಮೇಲೆ ಅವನಿಗೆ ಅನ್ನ ಸೇರಲಿಲ್ಲ. ಅದೂ ಬರುವ ಭಾನುವಾರ ಭದ್ರಾವತಿಯ ನ್ಯೂ ಟೌನಿನಲ್ಲಿ, ಅವಳ ತವರಿನ ಬಡಾವಣೆಯ ಸಂಘದ ವಾರ್ಷಿಕೋತ್ಸವ. ದಾಕ್ಷಾಯಣಿ ಮೊದಲ ಸಲ ಒಬ್ಬಳೇ ವೇದಿಕೆ ಹತ್ತಿ ಹಾಡುವವಳಿದ್ದಳು.

ವೀರೇಂದ್ರ ಮೈಕುಗಳ ದನಿ ಏರಿಸಿ ಇಳಿಸುವ ಹಳೆಯ ಮಿಕ್ಸರನ್ನು ಮಾರಿ ಬೆಂಗಳೂರಿನಿಂದ ಡಿಜಿಟಲ್ ಮಿಕ್ಸರ್ ತರಿಸಿಯೇಬಿಟ್ಟ. ಆಗಿನ್ನೂ ಜಿಲ್ಲೆಯಲ್ಲಿ ಆ ಹೆಸರು ಕೇಳಿದವರೇ ಕಡಿಮೆ. ಅದು ಕೈಗೆ ಬಂದದ್ದು ಶನಿವಾರ ಸಂಜೆ. ಜೊತೆಯಲ್ಲಿ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವೂ ಇತ್ತು. ವೀರೇಂದ್ರ ಅದರ ಚಿತ್ರಗಳನ್ನಷ್ಟೇ ತಿರುವಿ ಹಾಕಿ, ಗುಂಡಿ ಅಂದ ಮೇಲೆ ಎಲ್ಲ ಗುಂಡಿಯೂ ಒಂದೇ ಎಂದು ಧೈರ್ಯ ತಂದುಕೊಂಡ.

ಭಾನುವಾರ ಮಧ್ಯಾಹ್ನ ಬಯಲಿನ ಶಾಮಿಯಾನದ ಹಿಂಬದಿಯಲ್ಲಿ ಮೇಜು ಹಾಕಿ ಮಿಕ್ಸರನ್ನು ಕೂರಿಸಿದರು. ವ್ಯಾನ್ ಓಡಿಸುವುದು, ವೈರು ಎಳೆಯುವುದು ಎರಡೂ ಪೀರ್ ಬಾಷಾನ ಕೆಲಸ. ವೇದಿಕೆಯ ಮೂಲೆಯ ಪೆಟ್ಟಿಗೆಯಲ್ಲಿ ಹದಿನಾರು ತೂತು, ಮಿಕ್ಸರಿನ ಮೇಲೆ ಅದಕ್ಕೆ ತಕ್ಕಂತೆ ಜಾರಿಸುವ ಹದಿನಾರು ಗುಂಡಿ. ಐದನೇ ತೂತಿನ ಮೈಕು ಐದನೇ ಗುಂಡಿಗೆ, ಲೆಕ್ಕ ಅಷ್ಟೇ. ಐದನೆಯದು ಹಾಡುವವರ ಮೈಕು. ಹದಿನಾರನೆಯದು ಖಾಲಿ.

ಸ್ವಿಚ್ ಒತ್ತಿದ್ದೇ ತಡ, ಹದಿನಾರೂ ಗುಂಡಿಗಳು ಯಾರೂ ಮುಟ್ಟದೆ ಸರ್ರನೆ ಮೇಲೇರಿ, ಅಲ್ಲಿಂದ ಕೆಳಗಿಳಿದು ನಿಂತವು. ಒಳ್ಳೆಯ ಕುರ್ಚಿ ಹಿಡಿಯಲು ಬೇಗನೆ ಬಂದಿದ್ದ ಹುಚ್ಚಮ್ಮ ಎಂಬ ಅಜ್ಜಿ ಎದೆ ಹಿಡಿದುಕೊಂಡಳು.

"ಅಯ್ಯೋ ಶಿವನೇ! ತಾವಾಗೇ ಓಡಾಡ್ತವಲ್ಲೋ! ಒಂದು ನಿಂಬೆಹಣ್ಣಾದ್ರೂ ಇಡ್ರೋ!"

ಯಾರೋ ನಿಜವಾಗಿ ನಿಂಬೆಹಣ್ಣು ತಂದಿಟ್ಟರು. ಅದು ಉರುಳಿ ಎಲ್ಲಿ ತಾಗಿತೋ, ಸ್ಪೀಕರುಗಳು ಊಟ ತಡವಾದ ತ್ಯಾವರೆಕೊಪ್ಪ ಸಫಾರಿಯ ಸಿಂಹದಂತೆ ಗರ್ಜಿಸಿದವು. ಬೀದಿನಾಯಿಗಳೆಲ್ಲ ಉತ್ತರ ಕೊಟ್ಟವು. ವೀರೇಂದ್ರ ಬೆವರುತ್ತ ಪರದೆಯ ಮೇಲೆ ಕಂಡಕಂಡದ್ದನ್ನು ಒತ್ತುತ್ತಿದ್ದಾಗಲೇ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

"ಏನ್ ಅಳಿಯಂದ್ರೇ, ಕೈ ಕೊಡ್ತಾ?"

ದಾಕ್ಷಾಯಣಿಯ ಸೋದರಮಾವ ಷಣ್ಮುಖಪ್ಪ. ಸಂಘದ ಕಾರ್ಯದರ್ಶಿ. ಕಾರ್ಖಾನೆಯಲ್ಲಿ ಕ್ರೇನು ನಡೆಸಿ ನಿವೃತ್ತರಾದವರು.

"ಕಾದ ಕಬ್ಬಿಣಾನ ಒಂದು ಲಿವರಲ್ಲಿ ಎತ್ತಿ ಇಳಿಸಿದ ಕೈ ಇದು. ಇದ್ಯಾವ ಮಹಾ! ಸ್ವಲ್ಪ ಸರೀರಿ" ಎನ್ನುತ್ತ ಅವರು ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು.

ಹೆಂಡತಿಯ ಸೋದರಮಾವನನ್ನು ಏಳಿ ಎನ್ನುವುದುಂಟೇ? ವೀರೇಂದ್ರನಿಗೆ ಥಟ್ಟನೆ ಉಪಾಯ ಹೊಳೆಯಿತು. ಹದಿನಾರನೇ ಗುಂಡಿಯನ್ನು ತೋರಿಸಿ, "ಮಾವ, ಇದೇ ಮೇನ್ ಗುಂಡಿ. ಇದನ್ನ ನೀವೇ ನೋಡ್ಕೊಳ್ಳಿ, ಬೇರೆಯವರ ಕೈಲಿ ಆಗಲ್ಲ" ಎಂದ.

ಷಣ್ಮುಖಪ್ಪ ಅದನ್ನು ಕೂದಲೆಳೆಯಷ್ಟು ಮೇಲೆ ಜಾರಿಸಿ ಕಣ್ಣು ಮುಚ್ಚಿದರು. "ನೋಡಿ ಈಗ. ಎಷ್ಟು ಇಂಪಾಯ್ತು!"

"ಹೌದು ಮಾವ" ಎಂದ ವೀರೇಂದ್ರ, ನಗು ನುಂಗಿಕೊಂಡು.

ಅಧ್ಯಕ್ಷರ ಭಾಷಣದ ಉದ್ದಕ್ಕೂ ಷಣ್ಮುಖಪ್ಪ ಖಾಲಿ ಗುಂಡಿಯನ್ನು ಮೇಲೆ ಕೆಳಗೆ ಮಾಡುತ್ತ ಬೀಗುತ್ತಿದ್ದರು. ಆಮೇಲೆ ದಾಕ್ಷಾಯಣಿ ಬಂದಳು. ಹೊಸ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಬಾಯಿ ತೆರೆದಳು. ಸ್ಪೀಕರು ಒಮ್ಮೆ ಕರ್ ಎಂದು ಹುರಿಗಡಲೆ ಅಗಿದು ಸುಮ್ಮನಾಯಿತು. ಅವಳ ತುಟಿ ಆಡುತ್ತಿತ್ತು, ದನಿಯಿಲ್ಲ.

"ಸೌಂಡ್ ವರ್ಲ ಸಾರ್!" ಎಂದು ಹಿಂದಿನ ಸಾಲಿನಿಂದ ತಮಿಳಿನಲ್ಲಿ ಕೂಗೆದ್ದಿತು.

ದಾಕ್ಷಾಯಣಿ ವೇದಿಕೆಯಿಂದಲೇ ಗಂಡನನ್ನು ನೋಡಿದಳು. ಆ ನೋಟಕ್ಕೆ ಮೈಕು ಬೇಕಿರಲಿಲ್ಲ. ವೀರೇಂದ್ರ ಐದನೆಯದನ್ನು ತುದಿಗೆ ನೂಕಿದ, ಪರದೆ ತಡಕಿದ, "ಬಾಷಾ ಭಾಯ್, ವೈರು! ವೈರು ನೋಡು ಮಾರಾಯ!" ಎಂದು ಅರಚಿದ. ಪೀರ್ ಬಾಷಾ ಪೆಟ್ಟಿಗೆಯತ್ತ ಓಡಿ ಬಗ್ಗಿದ. ಇತ್ತ ಷಣ್ಮುಖಪ್ಪ, "ನೀವು ಗಾಬರಿ ಆಗ್ಬೇಡಿ" ಎಂದು ಹದಿನಾರನೆಯದನ್ನು ಮೇಲೆತ್ತಿದರು.

ದನಿ ಬಂತು! ಜೇನು ಸುರಿದಂತೆ ಬಂತು. ದೂರದಲ್ಲಿ ಬಾಷಾ ಎರಡೂ ಕೈ ಎತ್ತಿ ಬೆರಳು ಬಿಡಿಸಿ ಏನೋ ಆಡಿಸಿದ. ಎಲ್ಲ ಸರಿಹೋಯಿತು ಎನ್ನುತ್ತಿದ್ದಾನೆಂದು ವೀರೇಂದ್ರ ಜೋರಾಗಿ ತಲೆಯಾಡಿಸಿದ.

ಅಲ್ಲಿಂದ ಮುಂದೆ ವೀರೇಂದ್ರ ಐದನೇ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. ತಾರಕಕ್ಕೆ ಹೋದಾಗ ತುಸು ಇಳಿಸಿದ, ಮೆಲುದನಿಗೆ ತುಸು ಏರಿಸಿದ. ಪಕ್ಕದಲ್ಲಿ ಷಣ್ಮುಖಪ್ಪನವರೂ ತಮ್ಮ ಪಾಡಿಗೆ ಏರಿಸುತ್ತ ಇಳಿಸುತ್ತಲೇ ಇದ್ದರು. ನಡುವೆ ಅವರು ಸೀನಿದಾಗ ಹಾಡು ಒಂದಿಷ್ಟು ತಗ್ಗಿತು. ವೀರೇಂದ್ರ ತಕ್ಷಣ ತನ್ನದನ್ನು ಎತ್ತಿ ಹಿಡಿದ, ಹಾಡು ಮೆಲ್ಲನೆ ಮೇಲೆದ್ದಿತು. ತನ್ನ ಬೆರಳಿನಲ್ಲಿ ಇಂಥ ವಿದ್ಯೆಯಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಕಣ್ಣು ಒದ್ದೆಯಾಯಿತು.

ಹಾಡು ಮುಗಿದಾಗ ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ. ಅಧ್ಯಕ್ಷರು ಮೈಕು ಹಿಡಿದರು.

"ಇವತ್ತಿನ ಸೌಂಡು ಇಷ್ಟು ಚೆನ್ನಾಗಿ ಬರೋದಕ್ಕೆ ಕಾರಣ, ಮಿಕ್ಸರ್ ಮುಂದೆ ಖುದ್ದು ಕೂತ ನಮ್ಮ ಷಣ್ಮುಖಪ್ಪನೋರು. ಅವರಿಗೊಂದು ಶಾಲು ಹೊದಿಸ್ಬೇಕು!"

ವೇದಿಕೆಗೆ ಬಂದ ಅವರಿಗೆ ದಾಕ್ಷಾಯಣಿಯೇ ಶಾಲು ಹೊದಿಸಿದಳು. "ನನ್ನ ದನಿ ಹೆಂಗಿದೆ ಅಂತ ನನಗೆ ಗೊತ್ತಾಗಿದ್ದೇ ಇವತ್ತು. ಎಲ್ಲ ಮಾವನ ಕೈಗುಣ" ಎಂದಳು.

ವೀರೇಂದ್ರ ತಡೆದುಕೊಳ್ಳಲಾಗದೆ ಕುರ್ಚಿಗಳ ನಡುವೆ ನುಗ್ಗಿ ವೇದಿಕೆ ಹತ್ತಿದ.

"ಕೈಗುಣಾನೂ ಇಲ್ಲ, ಕಾಲ್ಗುಣಾನೂ ಇಲ್ಲ! ಮಾವ ಹಿಡ್ಕೊಂಡಿದ್ದು ಹದಿನಾರನೇ ಗುಂಡಿ. ಅದಕ್ಕೆ ವೈರೇ ಇಲ್ಲ! ಸುಮ್ನೆ ಆಡ್ಕೊಳ್ಳಿ ಅಂತ ನಾನೇ ಕೊಟ್ಟಿದ್ದು. ಹಾಡಿನ ಗುಂಡಿ ಐದನೇದು, ಅದು ನನ್ನ ಕೈಲಿತ್ತು!"

ಷಣ್ಮುಖಪ್ಪನವರ ಮುಖ ತಣ್ಣಗಾದ ಬೋಂಡದಂತೆ ಕುಸಿಯಿತು. ಅವರು ಶಾಲನ್ನು ಹೆಗಲಿನಿಂದ ತೆಗೆಯತೊಡಗಿದರು.

"ನಂಬಲ್ವಾ? ಬಾಷಾ ಭಾಯ್, ಪೆಟ್ಟಿಗೆ ಎತ್ತಿ ತೋರ್ಸು!"

ಪೀರ್ ಬಾಷಾ ಗಡ್ಡ ಕೆರೆದುಕೊಂಡ. "ಆಮೇಲೆ ತೋರ್ಸಣ ಬಿಡಿ ವೀರಣ್ಣಾ."

"ಈಗ್ಲೇ ತೋರ್ಸು!"

ಬಾಷಾ ನಿಟ್ಟುಸಿರು ಬಿಟ್ಟು ಪೆಟ್ಟಿಗೆ ಎತ್ತಿದ. ಅಧ್ಯಕ್ಷರು, ದಾಕ್ಷಾಯಣಿ, ಹುಚ್ಚಮ್ಮ ಎಲ್ಲ ಬಗ್ಗಿ ನೋಡಿದರು. ಐದನೇ ತೂತು ಕಾಗೆಮರಿಯ ಹಾಗೆ ಬಾಯಿ ತೆರೆದುಕೊಂಡಿತ್ತು. ಹಾಡುವ ಮೈಕಿನ ವೈರು ಹದಿನಾರನೆಯದರಲ್ಲಿ ಭದ್ರವಾಗಿ ಕೂತಿತ್ತು.

"ಐದನೇದು ಲೂಸಾಗಿತ್ತು ಅಣ್ಣಾ" ಎಂದ ಬಾಷಾ ಪಿಸುದನಿಯಲ್ಲಿ. "ಖಾಲಿ ಇದ್ದಿದ್ದು ಹದಿನಾರನೇದೊಂದೇ, ಅದಕ್ಕೇ ಚುಚ್ಚಿದೆ. ಅಲ್ಲಿಂದ್ಲೇ ಮೊದ್ಲು ಹತ್ತು ಬೆರಳು, ಆಮೇಲೆ ಆರು ಬೆರಳು ತೋರಿಸ್ದೆ. ನೀವೂ ಹೂಂ ಅಂತ ತಲೆ ಆಡ್ಸಿದ್ರಿ."

ವೀರೇಂದ್ರ ಹೆಂಡತಿಯ ಮುಖ ನೋಡಲಿಲ್ಲ. ಸೆರಗು ಬಾಯಿಗೊತ್ತಿ ಅವಳು ನಗುತ್ತಿದ್ದುದು ಕೇಳಿಸುತ್ತಿತ್ತು. ಷಣ್ಮುಖಪ್ಪ ಶಾಲನ್ನು ಮತ್ತೆ ಸರಿಯಾಗಿ ಹೊದ್ದುಕೊಂಡು, ಅಳಿಯನ ಬೆನ್ನ ಮೇಲೆ ಕೈಯಿಟ್ಟರು.

"ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೇ. ಮುಂದಿನ ಪ್ರೋಗ್ರಾಮಲ್ಲೂ ಹದಿನಾರನೇದು ನಾನು ನೋಡ್ಕೋತೀನಿ. ಐದನೇದು ನಿಮಗೇ. ಯಾರಿಗೂ ಮುಟ್ಟಕ್ಕೆ ಬಿಡಲ್ಲ."