ಒಂದು ಪೆಟ್ಟಿಗೆಯೋ, ಎರಡು ಪೆಟ್ಟಿಗೆಯೋ?

ಗಿಟಾರಿನ ಸಲುವಾಗಿ ಬೆಲ್ಲ ಹೊತ್ತ ಮನುಷ್ಯ ಇಡೀ ಬನಹಟ್ಟಿಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಮಾಮಾ, ಅಂದರೆ ನನ್ನ ಅಕ್ಕನ ಗಂಡ. ನಗಬೇಡಿ. ಮಹಾಲಿಂಗಪುರದಿಂದ ಆ ಬೆಲ್ಲ ತಂದುಕೊಟ್ಟವಳು ನಾನೇ!

ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಟ್ರ್ಯಾಕ್ಟರು ತೂಗುತ್ತ ವಯಸ್ಸು ಕಳೆದ ಮಾಮಾ, ನಿವೃತ್ತಿಯಾದ ವಾರವೇ ಗಿಟಾರು ಹಿಡಿದರು. ಕಲಿತದ್ದು ಒಂದೇ ಧಾಟಿ. ಕೇಳಬೇಕಾದವಳೂ ಒಬ್ಬಳೇ, ಅಕ್ಕ. ಆದರೆ ಪವರ್‌ಲೂಮಿನ ಖಡಖಡದಲ್ಲಿ ಅರ್ಧ ಆಯುಷ್ಯ ಕಳೆದ ಅಕ್ಕನಿಗೆ ಕೂಗಿ ಹೇಳಿದರಷ್ಟೇ ಕೇಳುತ್ತದೆ.

“ಹೆಂಗಿತ್ತು?” ಎಂದು ಮಾಮಾ ಕೂಗಿದರೆ, “ಏನ್ ಹೆಂಗಿತ್ತು? ಬಾರಿಸಿದ್ರೇನು?” ಎನ್ನುತ್ತಾಳೆ!

ಹೀಗಾಗಿ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರು ಬೇಕಾಯಿತು. ಬೆಳಗಾವಿಯ ಅಂಗಡಿಯವ ಎರಡು ನಮೂನೆ ತೋರಿಸಿದ. ಯಂತ್ರ, ಸ್ಪೀಕರು ಎಲ್ಲ ಒಂದೇ ಪೆಟ್ಟಿಗೆಯಲ್ಲಿದ್ದರೆ ಕಾಂಬೊ. ಗುಂಡಿ ತಿರುಗಿಸುವ ಯಂತ್ರವೇ ಬೇರೆ, ಸ್ಪೀಕರಿನ ಪೆಟ್ಟಿಗೆಯೇ ಬೇರೆ ಇದ್ದು ನಡುವೆ ವೈರು ಎಳೆದರೆ ಹೆಡ್ಡು, ಕ್ಯಾಬಿನೆಟ್ಟು. ಅಲ್ಲಿಗೆ ಮುಗಿಯಿತು ನೋಡಿ ಮನೆಯ ನೆಮ್ಮದಿ!

ಕಾಟಾದ ಮನುಷ್ಯ ತೂಗದೇ ಕೊಳ್ಳುವುದುಂಟೇ? ಪೆಟ್ಟಿಗೆಯಷ್ಟೇ ತೂಕದ ಬೆಲ್ಲ ನನ್ನಿಂದ ತರಿಸಿ, ಆ ಪೆಂಟಿಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಇದು ಕಾಂಬೊ ಎಂದರು. ಹೊತ್ತು ಮಾಳಿಗೆ ಹತ್ತಿಳಿದರು. ಆಮೇಲೆ ಅವನ್ನೇ ಎರಡು ಚೀಲಕ್ಕೆ ಹಂಚಿ, ಇದು ಹೆಡ್ಡು, ಇದು ಕ್ಯಾಬಿನೆಟ್ಟು ಎಂದು ಮತ್ತೆ ಹತ್ತಿಳಿದರು. ಸೊಂಟ ಕಾಂಬೊ ಬೇಡವೆಂದಿತು. ಮೊಣಕಾಲು ಎರಡೆರಡು ಸಲ ಹತ್ತುವುದೇ ಬೇಡವೆಂದಿತು. ಇರುವೆಗಳಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಎಲ್ಲ ಚೀಲಕ್ಕೂ ಮುತ್ತಿದವು!

ಮುಧೋಳದ ಬಸ್ಸಿನಲ್ಲಿ ಕಂಡಕ್ಟರನನ್ನೇ ಹಿಡಿದರು. “ಒಂದು ಪೆಟ್ಟಿಗಿ ಛಲೋನೋ, ಎರಡು ಛಲೋನೋ?”

“ಯಾವದರ ಇರಲಿ ಯಜಮಾನ್ರ, ದಾರ್ಯಾಗ ಇಡಬ್ಯಾಡ್ರಿ.”

ಮನೆಗೆ ಬಂದು ಇದನ್ನು ತಜ್ಞರ ಅಭಿಪ್ರಾಯವೆಂದು ಹೇಳಿದರು!

ಅಕ್ಕನಿಗೆ ಸಾಕಾಯಿತು. ಒಂದು ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಮಜ್ಜಿಗೆ ಎಲ್ಲವನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಮುಂದಿಟ್ಟಳು. “ಕಾಂಬೊ ಐತಿ. ಉಣ್ರಿ.”

ಮಾಮಾ ಬೋಗುಣಿ ಬಳಿದು ಉಂಡರು. ಸಂಜೆಗೆ ಮತ್ತೆ ಅದೇ ಚೀಲ! ಈ ಸಲ ಹೊತ್ತುಕೊಂಡು ಅಡುಗೆಮನೆಗೇ ನುಗ್ಗಿದರು. ಅಕ್ಕ ರೊಟ್ಟಿ ಬಡಿಯುವ ಜಾಗದಲ್ಲೇ ಕೂತು ಬಾರಿಸಿದರೆ ಕೇಳಿಸದೇ ಏನು ಎಂಬ ಲೆಕ್ಕ.

“ಏನ್ರೀ, ಇಷ್ಟ ಜಾಗಾದಾಗ ಇಬ್ಬರೂ ಹಿಡ್ಯೂದಿಲ್ಲ. ಪೆಟ್ಟಿಗಿಯರ ಇರಲಿ, ನೀವರ ಇರ್ರಿ!”

ಮಾಮಾ ಚೀಲ ಅಲ್ಲೇ ಇಳಿಸಿ ಹೊರಗೆ ನನ್ನ ಬಳಿ ಓಡಿ ಬಂದರು. “ತಂಗೆವ್ವಾ, ಬಗಿಹರೀತು! ಒಳಗ ಪೆಟ್ಟಿಗೀನ ಇರಲಿ, ಹೊರಗ ನಾ!”

ಎರಡು ಪೆಟ್ಟಿಗೆ ಬಂದವು. ಹೆಡ್ಡು ಪಡಸಾಲೆಯಲ್ಲಿ, ಮಾಮಾರ ಕೈಗೆ ಗುಂಡಿ ಸಿಗುವಂತೆ. ಕ್ಯಾಬಿನೆಟ್ಟು ಉದ್ದನೆಯ ವೈರಿನ ಆ ತುದಿಗೆ, ಅಕ್ಕನ ಪಕ್ಕ, ಬೆಲ್ಲ ಇದ್ದ ಜಾಗದಲ್ಲಿ. ಮಾಮಾ ಬಾರಿಸಿದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಏನ್ರೀ! ನಡುವ ತಪ್ಪಿದ್ರಿ ನೋಡ್ರಿ!”

ಮಾಮಾ ಗಿಟಾರು ಅವಚಿಕೊಂಡು ನನ್ನತ್ತ ತಿರುಗಿದರು. ಕಣ್ಣು ತುಂಬಿದ್ದವು. “ತಪ್ಪಿದ್ದೂ ಕೇಳ್ತು ಅಕಿಗೆ!”

ಈಗ ಆ ಧಾಟಿ ಅವರ ಕೈಯಲ್ಲಿ ಪೂರ್ತಿ ಕೂತಿದೆ. ಅಕ್ಕ ಸಂತೆಗೆ ಹೋದಾಗ ಒಂದು ಸ್ವರವೂ ತಪ್ಪುವುದಿಲ್ಲ, ನಾನೇ ಕೇಳಿದ್ದೇನೆ. ಅವಳು ರೊಟ್ಟಿಗೆ ಕೂತಾಗ ಮಾತ್ರ ಅದೇ ಜಾಗದಲ್ಲಿ ತಪ್ಪುತ್ತಾರೆ. ತಪ್ಪಿ, ಕೈ ತಡೆದು, ಅಡುಗೆಮನೆಯ ಕಡೆ ಕಿವಿಗೊಟ್ಟು ಕಾಯುತ್ತಾರೆ.