ಮೂತ್ರಕೋಶದ ಎಕ್ಸ್‌ರೇ ಮತ್ತು ಮರ್ಯಾದಸ್ಥರು

ಮೂಳೆ ಮುರಿದವರು ಎಕ್ಸ್‌ರೇ ಕೋಣೆಯಲ್ಲಿ ಅಳ್ತಾರೆ, ಮೂತ್ರಕೋಶದ ಎಕ್ಸ್‌ರೇಗೆ ಬಂದವರು ನಾಚಿಕೊಳ್ತಾರೆ. ನಾಚಿಕೆ ಇದ್ದ ಕಡೆ ಏನಾದರೊಂದು ಆಗ್ತಾನೇ ಇರುತ್ತೆ ನೋಡ್ರಿ. ಇಪ್ಪತ್ತೆರಡು ವರ್ಷ ವಿಶಾಖಪಟ್ಟಣ, ವಿಜಯವಾಡದಲ್ಲಿ ಟೆಕ್ನಿಷಿಯನ್ ಆಗಿದ್ದವನು ನಾನು. ಈಗ ಮನೇಲಿ ಕೂತರೆ ಆ ಕೋಣೆ ಬಹಳ ನೆನಪಾಗುತ್ತೆ.

ಸರಕು

ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ನಮ್ಮ ಆಸ್ಪತ್ರೆಗೆ ಅನಕಾಪಲ್ಲಿಯಿಂದ ಒಬ್ಬ ಬೆಲ್ಲದ ವ್ಯಾಪಾರಿ ಬಂದರು. ಹಿಂದೆ ಹೊಟ್ಟೆ ಸ್ಕ್ಯಾನಿಂಗಿಗೆ ನೀರು ಕುಡಿದು ತಡೆದುಕೊಂಡು ಬನ್ನಿ ಅಂದಿದ್ದರಂತೆ. ಇದಕ್ಕೂ ಹಾಗೇ ಅಂದುಕೊಂಡು ಎರಡು ಚೊಂಬು ನೀರು ಕುಡಿದು, ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಬಂದಿದ್ದಾರೆ. ಕುರ್ಚಿ ಕೊಟ್ಟರೆ ಕೂರೋಕೂ ಆಗ್ತಿಲ್ಲ.

"ಮೊದಲು ಹೋಗಿ ಪೂರ್ತಿ ಖಾಲಿ ಮಾಡಿಕೊಂಡು ಬನ್ನಿ" ಅಂದೆ.

"ಆಮೇಲೆ?"

"ಸಣ್ಣ ಟ್ಯೂಬಿನಲ್ಲಿ ನಾವು ಔಷಧಿ ನೀರು ತುಂಬ್ತೀವಿ. ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಕಾಣುತ್ತೆ. ತುಂಬಿದ ಮೇಲೆ ಇಲ್ಲೇ ಮೂತ್ರ ಮಾಡಬೇಕು. ಮಾಡ್ತಿರುವಾಗಲೇ ಫೋಟೋ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನು ತಂದ ಸರಕು ಚೆಲ್ಲಿಸಿ ನಿಮ್ಮ ಸರಕು ತುಂಬ್ತೀರಾ ಬಾಬು? ನಮ್ಮ ಮಾರ್ಕೆಟ್ಟಲ್ಲಿ ಹೀಗೆ ಮಾಡಿದರೆ ಒದೀತಾರೆ."

ನಲ್ಲಿ

ನಡುವೆ ನಾಲ್ಕು ವರ್ಷ ವಿಜಯವಾಡದಲ್ಲಿದ್ದೆ. ಅಲ್ಲಿಗೆ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಔಷಧಿ ತುಂಬಿಸಿ ಆಯ್ತು, ಒಂದು ಹನಿ ಬರಲಿಲ್ಲ. ಮೂರು ಜನ ಕಣ್ಣು ಬಿಟ್ಟುಕೊಂಡು ಕಾಯ್ತಿದ್ದರೆ ಯಾರಿಗೆ ತಾನೆ ಬರುತ್ತೆ? ಡಾಕ್ಟರು "ನಲ್ಲಿ ಬಿಡಿ" ಅಂದರು. ನೀರಿನ ಸದ್ದು ಕೇಳಿಸೋದು ನಮ್ಮ ಹಳೇ ಉಪಾಯ.

ಐದು ನಿಮಿಷಕ್ಕೆ ನರ್ಸಮ್ಮ ಮೆಲ್ಲಗೆ ಹೊರಗೆ ಹೋದರು. ಹಿಂದೆಯೇ ಡಾಕ್ಟರು. ಆಮೇಲೆ ತಡೆಯೋಕಾಗದೆ ನಾನೂ ಓಡಿದೆ.

ವಾಪಸ್ ಬಂದರೆ ಮೇಷ್ಟ್ರಿಗೆ ಸಿಟ್ಟು. "ನೀವೆಲ್ಲ ಹೋದ ಮೇಲೆ ಬಂತಪ್ಪ. ಮುಗಿದೂ ಹೋಯ್ತು. ಫೋಟೋ ಏನು ನಾನೇ ತೆಗೆದುಕೊಳ್ಳಲಾ?"

ಅಜ್ಜಿ

ಗಾಜುವಾಕಕ್ಕೆ ಮರಳಿದ ಮೇಲಿನ ಮಾತು. ಉಕ್ಕಿನ ಕಾರ್ಖಾನೆಯ ಕನ್ನಡದ ಇಂಜಿನಿಯರೊಬ್ಬರ ಮಗಳು, ಐದು ವರ್ಷ. ಮೇಲಿಂದ ಮೇಲೆ ಜ್ವರ. ಮೂತ್ರ ತಿರುಗಿ ಕಿಡ್ನಿಗೆ ಹತ್ತುತ್ತಿದೆಯೇನೋ ಅಂತ ಡಾಕ್ಟರಿಗೆ ಅನುಮಾನ. ತಾಯಿ ಹೆದರಿ ಅರ್ಧ ಆಗಿದ್ದರು.

ಟ್ಯೂಬ್ ಹಾಕುವಾಗ ಸ್ವಲ್ಪ ಅತ್ತರೂ ಮಗು ಸಹಿಸಿಕೊಂಡಿತು. ಆದರೆ ಮಲಗಿದಲ್ಲೇ ಮಾಡು ಅಂದರೆ ಬಿಲ್‌ಕುಲ್ ಒಪ್ಪಲಿಲ್ಲ. "ಹಾಸಿಗೇಲಿ ಮಾಡಿದರೆ ಅಜ್ಜಿ ಬೈತಾರೆ." ಈಗ ಮಾಡದಿದ್ದರೆ ಇನ್ನೊಂದು ದಿನ ಮತ್ತೆ ಟ್ಯೂಬು, ಮತ್ತೆ ಅಳು. ಅಜ್ಜಿಯಿಂದಲೇ ಹೇಳಿಸೋಣ ಅಂತ ತಾಯಿ ದಾವಣಗೆರೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅವರು ಬಾಯಿ ತೆರೆಯುವ ಮೊದಲೇ ಮಗು ಚಾಡಿ ಹೇಳಿತು. "ಅಜ್ಜಿ, ಇಲ್ಲೊಬ್ಬ ಅಂಕಲ್ ಮೇಜಿನ ಮೇಲೇ ಉಚ್ಚೆ ಮಾಡು ಅಂತಾರೆ."

"ಯಾವನೇ ಅವನು? ಕೊಡು ಫೋನು."

ಫೋನ್ ಕೈಗೆ ತಗೊಂಡು "ನಮಸ್ಕಾರ ಅಜ್ಜಿ, ಎಕ್ಸ್‌ರೇಗೆ..." ಅನ್ನುವಷ್ಟರಲ್ಲಿ ಶುರುವಾಯ್ತು.

"ನಾಚಿಕೆ ಆಗಲ್ವೇನೋ ನಿನಗೆ? ಎರಡು ವರ್ಷ ಒದ್ದಾಡಿ ಕಲಿಸೀನಿ ನಾನು. ಕತ್ತೆ ವಯಸ್ಸಾಗೇತಿ, ಒಂದು ಕೂಸಿಗೆ ಹೇಳೋ ಮಾತೇನೋ ಇದು?"

"ತಪ್ಪಾಯ್ತು ಅಜ್ಜಿ."

ದೊಡ್ಡವನೊಬ್ಬ ಬೈಸಿಕೊಳ್ಳೋದನ್ನು ಕಂಡು ಮಗುವಿಗೆ ನಗು ಬಂತು. ಬಿದ್ದು ಬಿದ್ದು ನಕ್ಕಿತು. ನಗುನಗುತ್ತಲೇ ಮಾಡಿಬಿಟ್ಟಿತು. ಡಾಕ್ಟರು ಬಟನ್ ಒತ್ತಿದರು. ತೆರೆಯ ಮೇಲೆ ಬಿಳಿ ಗೆರೆ ನೆಟ್ಟಗೆ ಕೆಳಗಿಳಿಯಿತು, ಮೇಲಕ್ಕೆ ಒಂದು ಹನಿಯೂ ಹತ್ತಲಿಲ್ಲ. "ಕಿಡ್ನಿಗೆ ಏನೂ ಭಯ ಇಲ್ಲಮ್ಮ" ಅಂದರು. ತಾಯಿ ಅತ್ತೇಬಿಟ್ಟರು.

ಅಜ್ಜಿಯದು ಇನ್ನೂ ಮುಗಿದಿರಲಿಲ್ಲ. "ಯಾವೂರಲೇ ನಿಂದು?"

"ಹರಿಹರ ಅಜ್ಜಿ."

"ನಮ್ಮ ಕಡೆಯೋನಾಗಿ ಹಿಂಗ ಮಾಡ್ತೀಯೇನಲೇ?"

ನನ್ನವ್ವ ಹೋದ ಮೇಲೆ ಯಾರೂ ನನ್ನನ್ನು ಹೀಗೆ ಬಾಯ್ತುಂಬ ಬೈದಿರಲಿಲ್ಲ. ಹೆಂಡತಿ ತೆಲುಗಿನವಳು, ಬೈದರೂ ಕೊನೆಗೊಂದು ಮರ್ಯಾದೆಯ "ಅಂಡಿ" ಸೇರಿಸಿಯೇ ಬೈತಾಳೆ. ನನಗೆ ಕಣ್ಣು ಮಂಜಾಯ್ತು.

ತಾಯಿ ಕಣ್ಣೊರೆಸಿಕೊಂಡು ಫೋನಿಗೆ ಕೈ ಚಾಚಿದರು. "ಕೊಡಿ ಸಾರ್, ನಾನು ಅತ್ತೆಗೆ ಎಲ್ಲ ಬಿಡಿಸಿ ಹೇಳ್ತೀನಿ."

"ಒಂದು ನಿಮಿಷ ತಡೀರಮ್ಮ" ಅಂದೆ. "ಇನ್ನೂ ಬೈತಾ ಇದ್ದಾರೆ."